ಮಾಡಿದ ಕೆಲಸ

ಹಸಿ ಮರವನ್ನು ಗರಗಸದಲ್ಲಿ ಕೊಯ್ದಾಗ ಏಳುವ ಸಿಹಿ ವಾಸನೆ ಅವನಿಗೆ ಮಾತು ಬರುವ ಮೊದಲೇ ಗೊತ್ತಿತ್ತು. ಅಪ್ಪ ಗಣಿಯ ಮರದ ಅಂಗಳದಲ್ಲಿ ದಿಮ್ಮಿ ಕೊಯ್ಯುತ್ತಿದ್ದ. ಸಂಜೆ ಮನೆಗೆ ಬಂದು ಮಗನನ್ನು ಎತ್ತಿಕೊಂಡರೆ ಅಂಗಿಯ ತುಂಬ ಅದೇ ವಾಸನೆ. ನೆರೆಮನೆಯ ಅಪ್ಪಂದಿರೆಲ್ಲ ಕಲ್ಲಿದ್ದಲಿನ ವಾಸನೆ ಹೊತ್ತು ಬರುತ್ತಾರೆ, ನಮ್ಮಪ್ಪ ಮಾತ್ರ ಕಾಡಿನ ವಾಸನೆ ತರುತ್ತಾನೆ ಎಂದು ಆ ಮಗುವಿಗೆ ಒಳಗೊಳಗೇ ಹೆಮ್ಮೆ.

ದೊಡ್ಡವನಾದ ಮೇಲೆ ಅವನೂ ಅದೇ ಗಣಿಗೆ ಇಳಿದ. ಕಲ್ಲಿದ್ದಲು ತೆಗೆದ ಜಾಗದಲ್ಲಿ ಮೇಲಿನ ಬಂಡೆ ಕುಸಿಯದ ಹಾಗೆ ಮರದ ಕಂಬ ಕೊಡುವುದು ಅವನ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಕಂಬಣ್ಣನಾದ. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು. ದೀಪವಿಲ್ಲದಿದ್ದರೂ ಸರಿ, ಕಂಬವನ್ನು ಒಮ್ಮೆ ಮೂಸಿ, ಇದು ತಡೆಯುತ್ತದೆ, ಇದು ತಡೆಯುವುದಿಲ್ಲ ಎಂದು ಹೇಳಿಬಿಡುತ್ತಿದ್ದ.

ಆ ದಿನ ಕೈಗೆ ಬಂದ ಕಂಬ ಹುಳಿಯಾಗಿ ನಾರುತ್ತಿತ್ತು. ಒಳಗೆ ಕೊಳೆತಿದೆ, ಬೇರೆಯದು ತರಿಸಿ ಎಂದು ಮೇಸ್ತ್ರಿಗೆ ಹೇಳಿದ.

"ಹೂವಿನ ಅಂಗಡಿಗೆ ಬಂದಿದ್ದೀಯೇನಪ್ಪ, ಮೂಸ್ತಾ ನಿಂತಿದ್ದೀಯ? ನಿಲ್ಲಿಸು ಅದನ್ನ."

ನಿಲ್ಲಿಸಿದ. ಊಟದ ಹೊತ್ತಿಗೆ ಮೊದಲು ಆ ಕಂಬ ಲಟಕ್ಕೆಂದು ಮುರಿಯಿತು. ಬಾಗಿಲಗಲದ ಬಂಡೆಯೊಂದು ಜಾರಿ ಅವನ ಸೊಂಟದ ಮೇಲೆ ಬಿತ್ತು.

ಕಂಪನಿಯ ಆಸ್ಪತ್ರೆಯಲ್ಲಿ ವೈದ್ಯರು ಉಳುಕು ಎಂದು ಬರೆದರು. ಪಟ್ಟಿ ಬಿಗಿದು, ಮಾತ್ರೆ ಕೊಟ್ಟು, ಸಂಜೆಯೇ ಮನೆಗೆ ಕಳಿಸಿದರು. ಮರುದಿನ ಬೆಳಿಗ್ಗೆ ಏಳಕ್ಕೆ ಮನೆಯ ಮುಂದೆ ಜೀಪು ಬಂದು ನಿಂತಿತು. ಮ್ಯಾನೇಜರ್ ಸಾಹೇಬರು ಕಳಿಸಿದ್ದಾರೆ, ಕೆಲಸವೇನೂ ಮಾಡುವುದು ಬೇಡ, ಬಂದು ಕೂತರೆ ಸಾಕು, ಪೂರ್ತಿ ಸಂಬಳ ಎಂದ ಚಾಲಕ. ಇಬ್ಬರು ಸೇರಿ ಕಂಬಣ್ಣನನ್ನು ಕುರ್ಚಿ ಸಮೇತ ಎತ್ತಿ ಕೂರಿಸಿದರು. ಹೆಂಡತಿ ದಿಂಬು ಹಿಡಿದುಕೊಂಡು ಹಿಂದೆಯೇ ಓಡಿದಳು. ಬಿದ್ದವನನ್ನೂ ಮರೆಯದ ಆ ಸಾಹೇಬರ ಹೊಟ್ಟೆ ತಣ್ಣಗಿರಲಿ ಎಂದಳು.

ಕಚೇರಿಯ ಹಿಂಬದಿಯಲ್ಲಿ ಒಂದು ಕೋಣೆ. ಒಂದು ಉದ್ದನೆಯ ಬೆಂಚು. ಕಿಟಕಿಯ ಗಾಜಿಗೆ ಹಳೆಯ ಪತ್ರಿಕೆ ಅಂಟಿಸಿತ್ತು. ಮೂಲೆಯಲ್ಲಿ ಹಾಜರಿ ಗುಮಾಸ್ತರ ಮೇಜು. ಬೆಂಚಿನ ಮೇಲೆ ಆಗಲೇ ಮೂವರಿದ್ದರು. ಪಾದ ಜಜ್ಜಿಹೋಗಿದ್ದ ಟ್ರಾಲಿ ಮಾವ. ಎರಡೂ ಕಣ್ಣು ಹೋದ ಸಿಡಿಮದ್ದಿನವನು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಡ್ರಿಲ್ಲಿನವನು.

"ಬಾ ಅಳಿಯ," ಎಂದು ಟ್ರಾಲಿ ಮಾವ ಸರಿದು ಕೂತ. "ಇಲ್ಲಿ ಕೂರೋದೇ ಕೆಲಸ. ಎದ್ದು ಓಡಾಡಿದ್ರೆ ಸಂಬಳ ಕಟ್."

ಹತ್ತಕ್ಕೆ ಚಹಾ, ಹನ್ನೆರಡೂವರೆಗೆ ಕ್ಯಾಂಟೀನಿನ ಊಟ, ಐದಕ್ಕೆ ಜೀಪು. ಗುಮಾಸ್ತರು ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಪುಸ್ತಕ ತಂದು, ಬೆರಳಿಟ್ಟು, "ಇಲ್ಲಿ" ಎನ್ನುತ್ತಿದ್ದರು. ಸಹಿ ಹಾಕಿದರೆ ಆಯಿತು.

ಗಣಿಯ ಗೇಟಿನಲ್ಲಿ ಒಂದು ಹಲಗೆ. ಅಪಘಾತವಿಲ್ಲದ ದಿನಗಳು ಎಂದು ಮೇಲೆ ಬರೆದು ಕೆಳಗೆ ಅಂಕಿ ತಗುಲಿಹಾಕುತ್ತಿದ್ದರು. ಕಂಬಣ್ಣ ಬಿದ್ದ ದಿನ ಅದು ನಾನೂರ ಹನ್ನೆರಡು. ಮರುದಿನ ಜೀಪಿನಿಂದ ನೋಡಿದರೆ ನಾನೂರ ಹದಿಮೂರು. ಸದ್ಯ, ನನ್ನಿಂದ ಎಲ್ಲರಿಗೂ ನಷ್ಟವಾಗಲಿಲ್ಲವಲ್ಲ ಎಂದು ಅವನಿಗೆ ಸಮಾಧಾನವಾಯಿತು. ಐನೂರು ಮುಟ್ಟಿದರೆ ಪ್ರತಿಯೊಬ್ಬರಿಗೂ ಒಂದು ಗೋಡೆ ಗಡಿಯಾರ ಎಂದು ಹೇಳಿದ್ದರು. ಮುಟ್ಟಿತು, ಕೊಟ್ಟರು. ಮನೆಯ ಗೋಡೆಯಲ್ಲಿ ಅದು ಟಿಕ್ ಟಿಕ್ ಎನ್ನುತ್ತಿದ್ದರೆ ಕೆಳಗೆ ಮಲಗಿದ ಕಂಬಣ್ಣ ಮಗ್ಗುಲು ಬದಲಿಸಲಾರದೆ ಹೆಂಡತಿಯನ್ನು ಕರೆಯುತ್ತಿದ್ದ.

ಏಳನೆಯ ತಿಂಗಳು ಕಾಗದ ಬಂತು. ಹುಟ್ಟು ದೌರ್ಬಲ್ಯದಿಂದಲೂ ವಯಸ್ಸಿನಿಂದಲೂ ಸೊಂಟ ಸವೆದಿದೆ, ಗಣಿಗೆ ಅನರ್ಹ, ತಿಂಗಳ ಕೊನೆಗೆ ಬಿಡುಗಡೆ. ಅವನಿಗೆ ಆಗ ಮೂವತ್ತೆಂಟು. ಪರಿಹಾರದ ಮಾತೇ ಇರಲಿಲ್ಲ. ಅಪಘಾತವಾಗಿದ್ದರೆ ತಾನೆ ಪರಿಹಾರ.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ರವಿಕೆ ಹೊಲಿಸಲು ಬಂದವಳೊಬ್ಬಳು, ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ ವಾರಕ್ಕೆರಡು ದಿನ ಒಬ್ಬ ವಕೀಲಮ್ಮ ಕೂರುತ್ತಾರೆ, ಗಣಿಯಲ್ಲಿ ಗಾಯವಾದವರಿಂದ ಫೀಸು ಕೇಳುವುದಿಲ್ಲ ಎಂದಳು. ಮರುದಿನ ತರಕಾರಿಯವನ ತಳ್ಳುಗಾಡಿಯಲ್ಲಿ ಗಂಡನನ್ನು ಮಲಗಿಸಿಕೊಂಡು ಹೋದಳು. ಮೆಟ್ಟಿಲು ಹತ್ತಿಸುವುದಾಗಲಿಲ್ಲ. ವಕೀಲಮ್ಮ ಮೇಲಿನಿಂದ ಒಮ್ಮೆ ಬಗ್ಗಿ ನೋಡಿದರು, ಕಾಗದಪತ್ರ ಎತ್ತಿಕೊಂಡು ಕೆಳಗಿಳಿದು ಬಂದು ಎರಡನೆಯ ಮೆಟ್ಟಿಲ ಮೇಲೆ ಕೂತರು. ಸೈಕಲಿನವನು ಯಾರೂ ಹೇಳದೆಯೇ ಸುತ್ತಿಗೆ ಕೆಳಗಿಟ್ಟ. ಅವರ ಮಾತು ಮುಗಿಯುವವರೆಗೆ ಒಂದು ಪೆಟ್ಟೂ ಹೊಡೆಯಲಿಲ್ಲ.

ವಕೀಲಮ್ಮ ಕಂಬದ ವಿಷಯ ಕೇಳಿದರು, ಬಂಡೆಯ ವಿಷಯ ಕೇಳಿದರು, ಎಲ್ಲವನ್ನೂ ಬರೆದುಕೊಂಡರು. ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿ ಎಂದರು. ಜೀಪಿನ ಮಾತು ಬಂದಾಗ ಅವರ ಪೆನ್ನು ನಿಂತಿತು.

"ಮರುದಿನವೇ ಹೋಗಿ ಸಹಿ ಹಾಕಿದ್ರಾ?"

"ಹೌದಮ್ಮ. ಪಾಪ, ಅದೊಂದು ಉಪಕಾರ ಮಾಡಿದ್ರು."

ವಕೀಲಮ್ಮ ಬಿಡಿಸಿ ಹೇಳಿದರು. ಗಾಯವಾದವನು ಮೂರು ದಿನ ಕೆಲಸಕ್ಕೆ ಬಾರದಿದ್ದರೆ ಗಣಿಯವರು ಅದನ್ನು ಅಪಘಾತವೆಂದು ಸರ್ಕಾರದ ಗಣಿ ಇಲಾಖೆಗೆ ತಿಳಿಸಲೇಬೇಕು. ಇಲಾಖೆಯವರು ಬರುತ್ತಾರೆ, ಕಂಬ ನೋಡುತ್ತಾರೆ, ಮೇಸ್ತ್ರಿಯನ್ನು ಕೇಳುತ್ತಾರೆ. ಮರುದಿನವೇ ಹಾಜರಾಗಿ ಸಹಿ ಹಾಕಿದವನಿಗೆ ಹಿಂದಿನ ದಿನ ಏನೂ ಆಗಿಲ್ಲ ಎಂದೇ ಲೆಕ್ಕ. ಏಳು ತಿಂಗಳ ಸಹಿಗಳು ಅವನ ವಿರುದ್ಧದ ಸಾಕ್ಷಿ.

ಕಂಬಣ್ಣ ತನ್ನ ಬಲಗೈಯನ್ನೇ ನೋಡಿಕೊಂಡ. ಹೆಂಡತಿಯ ಮುಖ ಕೆಂಪಾಯಿತು. "ನಾನು ದಿನಾ ಬೆಳಿಗ್ಗೆ ಅವರಿಗೆ ಒಳ್ಳೇದಾಗ್ಲಿ ಅಂತಿದ್ದೆನಲ್ಲಮ್ಮ," ಎಂದಳು.

ವಕೀಲಮ್ಮ ಇನ್ನೊಂದು ಪ್ರಶ್ನೆ ಕೇಳಿದರು. ಹಾಜರಿ ಪುಸ್ತಕದಲ್ಲಿ ಸಹಿಯ ಪಕ್ಕ ಬೇರೆ ಏನಾದರೂ ಅಂಕಣ ಇದೆಯೇ? ಕಂಬಣ್ಣ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ಇತ್ತು. ಮಾಡಿದ ಕೆಲಸ ಎಂದು ಅಚ್ಚು ಹಾಕಿತ್ತು. ಸಹಿ ಹಾಕುವಾಗ ಅದು ಯಾವಾಗಲೂ ಖಾಲಿ.

"ಸೋಮವಾರದ ತನಕ ತಾಳಿ. ಆ ಪುಸ್ತಕವನ್ನ ಇದ್ದ ಹಾಗೇ ಕೋರ್ಟಿಗೆ ತರಬೇಕು ಅಂತ ನೋಟಿಸು ಕೊಡಿಸ್ತೀನಿ. ಅವತ್ತಿಂದ ಆ ಅಂಕಣದಲ್ಲಿ ನೀವು ಮಾಡಿದ್ದನ್ನ ಬರೀರಿ. ಸುಳ್ಳು ಒಂದಕ್ಷರ ಬೇಡ. ನಿಮ್ಮನ್ನ ಕರ್ಕೊಂಡು ಹೋಗದಿದ್ರೂ ಒಳ್ಳೇದೇ. ಆಗ ಮೂರು ದಿನದ ಗೈರುಹಾಜರಿನೇ ನಿಮ್ಮ ಪರ ಸಾಕ್ಷಿ ಹೇಳುತ್ತೆ."

ಅಷ್ಟರಲ್ಲಿ ದೊಡ್ಡಾಸ್ಪತ್ರೆಯ ಎಕ್ಸ್‌ರೇಯಲ್ಲಿ ಸೊಂಟದ ಮೂಳೆ ಮುರಿದಿರುವುದು ಕಂಡಿತ್ತು. ಸೋಮವಾರ ಜೀಪು ಬಂದಾಗ ಹೆಂಡತಿ ದಿಂಬಿನ ಜೊತೆ ಒಂದು ಹೊಸ ಪೆನ್ನನ್ನೂ ಕೊಟ್ಟಳು.

ಬೆಂಚಿನ ಮೇಲೆ ಕೂತು ಕಂಬಣ್ಣ ಉಳಿದ ಮೂವರಿಗೂ ಎಲ್ಲವನ್ನೂ ಹೇಳಿದ. ಡ್ರಿಲ್ಲಿನವನು, ನಿನ್ನನ್ನು ಹೇಗೂ ಹೊರಗೆ ಹಾಕುತ್ತಿದ್ದಾರೆ, ನಮ್ಮ ಹೊಟ್ಟೆಯ ಮೇಲೆ ಯಾಕೆ ಹೊಡೆಯುತ್ತೀಯ ಎಂದ. ಕಂಬಣ್ಣನಿಗೆ ಸಿಟ್ಟು ಬರಲಿಲ್ಲ. ಏಳು ತಿಂಗಳ ಹಿಂದೆ ತಾನೂ ಅದನ್ನೇ ಅನ್ನುತ್ತಿದ್ದೆ ಎಂದುಕೊಂಡ. ಜೇಬಿನಿಂದ ಕಾಗದ ತೆಗೆದು ನಿಧಾನವಾಗಿ ಓದಿದ. ಹುಟ್ಟು ದೌರ್ಬಲ್ಯ ಎಂಬಲ್ಲಿ ಸಿಡಿಮದ್ದಿನವನು ಇನ್ನೊಮ್ಮೆ ಓದು ಎಂದ. ಇನ್ನೊಮ್ಮೆ ಓದಿದ.

"ನನ್ನ ಕಣ್ಣೂ ಹುಟ್ಟಿದಾಗಿಂದಲೇ ಹೋಗಿತ್ತು ಅಂತಾರೆ, ನೋಡ್ತಿರು," ಎಂದ ಅವನು.

ಗುಮಾಸ್ತರು ಪುಸ್ತಕ ತಂದು ಬೆರಳಿಟ್ಟರು. ಕಂಬಣ್ಣ ಸಹಿ ಹಾಕಿ, ಪಕ್ಕದ ಅಂಕಣದಲ್ಲಿ ಬರೆಯತೊಡಗಿದ. ಗುಮಾಸ್ತರು ತಡೆದರು. ಅದನ್ನು ಕಚೇರಿಯವರು ತುಂಬುವುದು ಎಂದರು.

"ಯಾರು ತುಂಬ್ತಾರೆ ಸ್ವಾಮಿ?"

"ನಾನೇ. ತಿಂಗಳ ಕೊನೇಲಿ."

"ಏನಂತ?"

"ಲಘು ಕೆಲಸ ಅಂತ."

"ಯಾವ ಲಘು ಕೆಲಸ ಅಂತ ನಮಗೂ ಹೇಳಿಬಿಡಿ," ಎಂದ ಟ್ರಾಲಿ ಮಾವ. "ಎರಡು ವರ್ಷದಿಂದ ಏನೋ ಮಾಡ್ತಿದ್ದೀನಂತೆ, ಮನೇಲಿ ಕೇಳಿದ್ರೆ ಹೇಳೋಕೇ ಗೊತ್ತಾಗ್ತಿಲ್ಲ."

ಗುಮಾಸ್ತರು ಪತ್ರಿಕೆ ಅಂಟಿಸಿದ ಕಿಟಕಿಯ ಕಡೆ ನೋಡಿದರು. ಬೆರಳು ತೆಗೆದರು. ಕಂಬಣ್ಣ ಬರೆದ: ಬೆಳಿಗ್ಗೆಯಿಂದ ಸಂಜೆವರೆಗೆ ಬೆಂಚಿನ ಮೇಲೆ ಕೂರುವುದು. ಗಣಿಯಲ್ಲಿ ಬಂಡೆ ಬಿದ್ದು ಸೊಂಟ ಮುರಿದಿದೆ. ಎತ್ತಿಕೊಂಡು ಬಂದರು.

ಪೆನ್ನು ಟ್ರಾಲಿ ಮಾವನ ಕೈಗೆ ಹೋಯಿತು. ಅವನ ಮಗನಿಗೆ ಗಣಿಯಲ್ಲಿ ಕೆಲಸ ಕೊಡುತ್ತೇವೆಂದು ಆಸೆ ಹಚ್ಚಿದ್ದರು. ಆ ಆಸೆಗೆ ಅವನು ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ. ಒಂದು ಗಳಿಗೆ ಪೆನ್ನಿನ ಮೂತಿ ನೋಡುತ್ತ ಕೂತ. ಆಮೇಲೆ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದ: ಪಾದ ಜಜ್ಜಿದೆ, ಎರಡು ವರ್ಷದಿಂದ ಕೂತಿದ್ದೇನೆ. ಡ್ರಿಲ್ಲಿನವನು ಎಡಗೈಯಲ್ಲಿ ಕಷ್ಟಪಟ್ಟು ಎರಡೇ ಪದ ಬರೆದ: ಬೆರಳು ಮಡಚುವುದಿಲ್ಲ.

"ನನ್ನದನ್ನ ನೀವೇ ಬರೀಬೇಕು ಸ್ವಾಮಿ," ಎಂದ ಸಿಡಿಮದ್ದಿನವನು. "ದಿನಾ ನನ್ನ ಹೆಬ್ಬೆಟ್ಟು ಹಿಡಿದು ಒತ್ತಿಸ್ಕೊಳ್ತೀರಿ. ಇವತ್ತು ಮಾತೂ ತಗೊಳ್ಳಿ. ಸಿಡೀದೆ ಉಳಿದ ಮದ್ದನ್ನ ಕೈಯಲ್ಲಿ ಕೆದಕು ಅಂತ ಕಳಿಸಿದ್ರು. ಅದು ಸಿಡೀತು. ಅವತ್ತಿಂದ ಕತ್ತಲೇಲಿ ಕೂತಿದ್ದೀನಿ. ಅದೇ ಕೆಲಸ."

ಗುಮಾಸ್ತರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು, ತಮ್ಮ ದುಂಡು ಅಕ್ಷರದಲ್ಲಿ ಒಂದು ಪದವನ್ನೂ ಬಿಡದೆ ಬರೆದರು.

ಸುದ್ದಿ ಹೋಗಲು ಎಷ್ಟು ಹೊತ್ತು ಬೇಕು? ಹನ್ನೊಂದರ ಹೊತ್ತಿಗೆ ಮ್ಯಾನೇಜರು ಬಂದರು. ಪುಟ ಓದಿದರು. ಕೂಗಾಡಲಿಲ್ಲ. ಕಂಬಣ್ಣನ ಹೆಗಲ ಮೇಲೆ ಕೈಯಿಟ್ಟು, ಆ ಸಾಲುಗಳನ್ನು ಹೊಡೆದುಹಾಕಿ ಲಘು ಕೆಲಸ ಎಂದು ಬರೆದರೆ ಬಿಡುಗಡೆಯ ಕಾಗದ ಇಂದೇ ವಾಪಸು, ಇನ್ನೂ ಐದು ವರ್ಷ ಹಾಯಾಗಿ ಕೂತಿರಬಹುದು ಎಂದರು. ಕಂಬಣ್ಣನಿಗೆ ಮನೆಯ ಬಾಡಿಗೆ, ಹೆಂಡತಿಯ ಹೊಲಿಗೆ ಯಂತ್ರದ ಸದ್ದು ಎಲ್ಲ ನೆನಪಾದವು.

"ಬಂಡೆ ಬಿತ್ತು ಅಂತ ನೀವು ಬರೆದು ಕೊಡ್ತೀರಾ ಸಾರ್?"

"ಅದು ಹೇಗಾಗುತ್ತೆ?"

"ಹಾಗಾದ್ರೆ ಇದನ್ನ ಹೊಡೆಯೋಕೂ ಆಗಲ್ಲ."

ಮ್ಯಾನೇಜರು ಕೈ ತೆಗೆದರು. ಈ ಕೋಣೆಗೆ ಚಹಾ ಬೇಡ, ಊಟ ಬೇಡ, ಸಂಜೆ ಜೀಪು ಬೇಡ, ನಡೆದುಕೊಂಡೇ ಹೋಗಲಿ ಎಂದರು.

"ನಡೆಯೋಕಾಗಲ್ಲ ಅಂತ ಇವತ್ತಾದ್ರೂ ಎಲ್ಲರೂ ನೋಡ್ಲಿ ಬಿಡಿ ಸಾರ್," ಎಂದ ಟ್ರಾಲಿ ಮಾವ.

ಮ್ಯಾನೇಜರು ಪುಸ್ತಕಕ್ಕೆ ಕೈ ಚಾಚಿದರು. ಗುಮಾಸ್ತರು ಎದ್ದು ನಿಂತಿದ್ದರು. ಪುಸ್ತಕ ಮಾತ್ರ ಕೊಡಲಿಲ್ಲ. ಮೇಜಿನ ಖಾನೆಯಿಂದ ಒಂದು ಲಕೋಟೆ ತೆಗೆದಿಟ್ಟರು.

"ಕೋರ್ಟಿನ ನೋಟಿಸು ಸಾರ್. ಬೆಳಿಗ್ಗೆ ಬಂತು. ಪುಸ್ತಕ ಇದ್ದ ಹಾಗೇ ಹಾಜರುಪಡಿಸಬೇಕಂತೆ. ಬಂದಿದೆ ಅಂತ ನಾನು ಸಹಿ ಹಾಕಿಬಿಟ್ಟಿದ್ದೀನಿ."

ಮ್ಯಾನೇಜರು ಅವರನ್ನೇ ದಿಟ್ಟಿಸಿದರು. ನಿಮಗೂ ಮಕ್ಕಳಿದ್ದಾರಲ್ಲವೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದರು.

ಹನ್ನೆರಡೂವರೆಯಾಯಿತು. ಅಂಗಳದಾಚೆ ಕ್ಯಾಂಟೀನಿನ ತಟ್ಟೆಗಳ ಸದ್ದು ಕೇಳಿಸಿತು. ಈ ಕೋಣೆಗೆ ಯಾರೂ ಬರಲಿಲ್ಲ. ನಾಳೆಯೂ ಇದೇ ಬರೆಯೋಣ ಎಂದ ಡ್ರಿಲ್ಲಿನವನು. ನಾಳಿದ್ದೂ ಎಂದ ಸಿಡಿಮದ್ದಿನವನು.

ಗುಮಾಸ್ತರು ಮೇಜಿನ ಕೆಳಗಿನಿಂದ ತಮ್ಮ ಊಟದ ಡಬ್ಬಿ ತೆಗೆದರು. ಮುಚ್ಚಳ ಬಿಚ್ಚಿ ಒಳಗೆ ನೋಡಿದರು. ಅನ್ನ, ಬೇಳೆ, ಒಂದು ಬೇಯಿಸಿದ ಮೊಟ್ಟೆ, ಒಬ್ಬರಿಗೆ ಸಾಕಾಗುವಷ್ಟು. ಎದ್ದು ಬಂದು ಅದನ್ನು ಕಂಬಣ್ಣನ ಮಡಿಲಲ್ಲಿಟ್ಟರು. ಚಮಚವನ್ನು ಸಿಡಿಮದ್ದಿನವನ ಕೈಗೆ ಕೊಟ್ಟು, ಅವನ ಬೆರಳುಗಳನ್ನು ಅದರ ಸುತ್ತ ಮಡಚಿದರು.