ದೋಣಿಯ ಜೊತೆ ಪಂದ್ಯ

ದಿನಾ ಬೆಳಿಗ್ಗೆ ಕುಂದಾಪುರದಿಂದ ಗಂಗೊಳ್ಳಿಗೆ ಜನರನ್ನು ಹೊಳೆ ದಾಟಿಸುವ ಚಂದಯ್ಯನ ದೋಣಿಯ ಪಕ್ಕದಲ್ಲಿ ಈಜಿ, ಅದಕ್ಕಿಂತ ಮೊದಲು ದಡ ಮುಟ್ಟುವುದೇ ನನ್ನ ಅಭ್ಯಾಸ. ೧೯೬೪ರ ಈಜು ಸ್ಪರ್ಧೆ ಹತ್ತಿರ ಬಂದಾಗ ದೋಣಿಯೇ ಮುಂದೆ ಹೋಗತೊಡಗಿತು. ಹಟದಿಂದ ಎರಡು ಪಟ್ಟು ಈಜಿದೆ. ತೋಳು ಸೋತವು, ಶಾಲೆಯಲ್ಲಿ ಪಾಠ ಮಾಡುತ್ತಲೇ ತೂಕಡಿಸಿದೆ.

“ನಲವತ್ತಕ್ಕೇ ಮುದುಕ ಆದೆ ಮಾರಾಯ. ಸ್ಪರ್ಧೆಯಿಂದ ಹೆಸ್ರು ತೆಗೆಸ್ತೆ,” ಎಂದೆ ಚಂದಯ್ಯನಿಗೆ.

ಅವನು ತಲೆ ತುರಿಸಿಕೊಂಡ. “ಹ್ವಾಯ್ ಮಾಷ್ಟ್ರೆ, ಬೈಬೇಡಿ. ದೋಣಿ ಅಡಿಗೆ ಅಂಟಿದ್ ಚಿಪ್ಪೆಲ್ಲ ಕೆರ್ದ್ ಎಣ್ಣಿ ಹಚ್ಚಿದೆ. ಅದ್ಕೇ ಈಗ ಜೋರ್ ಹೋತ್ತ್.”

“ಮೊದ್ಲೇ ಹೇಳುಕ್ ಎಂತ ಆಯ್ತ್ ನಿಂಗೆ?”

“ಐದ್ ವರ್ಷ ನಿಮ್ಮತ್ರ ಸೋತಿದ್ದೆ. ಹದ್ನೈದ್ ದಿನ ನಾನೂ ಗೆಲ್ವ ಅಂದೇಳಿ ಸುಮ್ನಿದ್ದೆ.”

ಬೈಯಲು ಬಾಯಿ ತೆರೆದವನು ನಕ್ಕುಬಿಟ್ಟೆ. ಅಂದು ನೀರಿಗಿಳಿಯಲಿಲ್ಲ. ಅವನ ದೋಣಿ ಹತ್ತಿ, ಆಚೆ ದಡದವರೆಗೂ ಗೊರಕೆ ಹೊಡೆದೆ.