ಓದಲು ಮಾತ್ರ

ಮನೆ ಪಾಲಾದಾಗ ಅಣ್ಣತಮ್ಮಂದಿರು ಒಂದನ್ನೂ ಬಿಡದೆ ಹಂಚಿಕೊಂಡಿದ್ದರು. ನಡುಮನೆಗೆ ಅಡ್ಡವಾಗಿ ಪ್ಲೈವುಡ್ ಗೋಡೆ ಎದ್ದಿತು, ನೀರಿನ ಟ್ಯಾಂಕಿಗೆ ಎರಡು ನಲ್ಲಿ ಬಂದವು, ಸ್ಟುಡಿಯೋ ಮತ್ತು ಕ್ಯಾಮೆರಾ ತಮ್ಮನಿಗೆ, ದೊಡ್ಡ ಮಾನಿಟರಿನ ಕಂಪ್ಯೂಟರ್ ಅಣ್ಣನಿಗೆ ಹೋದವು. ಮೆಟ್ಟಿಲ ಮೂಲೆಯಲ್ಲಿ, ಕೈಗೆಟುಕದ ಎತ್ತರದಲ್ಲಿ ಮಿಣುಕುತ್ತಿದ್ದ ವೈಫೈ ಡಬ್ಬಿ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಕೊನೆಗೆ ತಮ್ಮನ ಹೆಂಡತಿಯೇ, "ಅದನ್ನೂ ಕೊಯ್ದುಬಿಡಿ, ಒಬ್ಬೊಬ್ಬರಿಗೆ ಒಂದೊಂದು ಆಂಟೆನಾ ಕಡ್ಡಿ" ಎಂದಿದ್ದಳು. ಡಬ್ಬಿ ಇದ್ದಲ್ಲೇ ಉಳಿಯಿತು. ಆರು ವರ್ಷದಿಂದ ಎರಡೂ ಸಂಸಾರಗಳು ಆ ಒಂದೇ ಡಬ್ಬಿಯ ಹಂಗಿನಲ್ಲಿದ್ದವು.

ಜಗಳ ಹುಟ್ಟಿದ್ದು ತಮ್ಮನ ಬಾಯಿಂದ. ಅವನು ಫೋಟೋ ತೆಗೆಯುವವನು, ಅಣ್ಣ ತಿದ್ದುವವನು. ಒಂದು ಮುಖಕ್ಕೆ ಅರ್ಧ ದಿನ ಹಿಡಿಯುತ್ತಿದ್ದ. ಮೊಡವೆ ಅಳಿಸುತ್ತಿದ್ದ, ಮಚ್ಚೆಯನ್ನು ಮುಟ್ಟುತ್ತಿರಲಿಲ್ಲ. "ಮೊಡವೆ ನಾಳಿದ್ದು ತಾನೇ ಹೋಗುತ್ತೆ ಕಣೋ. ಮಚ್ಚೆ ತೆಗೆದ್ರೆ ಅವರಮ್ಮಂಗೇ ಗುರ್ತು ಸಿಗಲ್ಲ" ಎನ್ನುತ್ತಿದ್ದ. ಒಂದು ದಿನ ತಮ್ಮ ಹೊಸ ಸಾಫ್ಟ್‌ವೇರೊಂದನ್ನು ತಂದು ಗಿರಾಕಿಗಳ ಎದುರಿಗೇ, "ಇನ್ಮೇಲೆ ಇದೇ ತಿದ್ದುತ್ತೆ, ಅಣ್ಣ ಆರಾಮಾಗಿ ಪೇಪರ್ ಓದ್ಕೊಂಡು ಕೂತಿರಬೋದು" ಅಂದುಬಿಟ್ಟ. ತಮಾಷೆಗೆ ಅಂದದ್ದು. ಅಣ್ಣ ಮೌಸನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಎದ್ದು ಹೋದ. ಅಲ್ಲಿಂದಾಚೆಗೆ ಮನೆಯಲ್ಲೇ ಕೂತು ಬೇರೆ ಸ್ಟುಡಿಯೋದವರ ಚಿತ್ರಗಳನ್ನು ತಿದ್ದಿಕೊಡುತ್ತಿದ್ದ. ತಮ್ಮನೊಡನೆ ಮಾತಿಲ್ಲ.

ಸಾಫ್ಟ್‌ವೇರ್ ಎಲ್ಲರ ಮುಖವನ್ನೂ ಸಿಪ್ಪೆ ಸುಲಿದ ಮೊಟ್ಟೆ ಮಾಡುತ್ತಿತ್ತು. ಗಿರಾಕಿಗಳಿಗೆ ಅದೇ ಖುಷಿ. ತಮ್ಮನಿಗೆ ಮಾತ್ರ ಪ್ರತಿ ಸಲ ಫೋಟೋದ ಲಕೋಟೆ ಕೊಡುವಾಗ ಕೈ ಹಿಂಜರಿಯುತ್ತಿತ್ತು.

ಹೀಗಿರಲಾಗಿ ಚಿತ್ರಗಳು ತುಂಬಿ ಕಂಪ್ಯೂಟರಿನ ಹೊಟ್ಟೆ ಬಿರಿಯುವಂತಾಯಿತು. ಅವನು ಎರಡು ಡಿಸ್ಕುಗಳ ಒಂದು ಪೆಟ್ಟಿಗೆ ತಂದ. ವೈಫೈ ಡಬ್ಬಿಗೆ ಅದನ್ನು ಸಿಕ್ಕಿಸಿದರೆ ಮನೆಯ ಯಾವ ಕಂಪ್ಯೂಟರಿನಿಂದ ಬೇಕಾದರೂ ಅದರೊಳಗಿನ ಚಿತ್ರ ತೆರೆಯಬಹುದು. ಸ್ಟೂಲು ಹತ್ತಿ ಕೇಬಲ್ ಜೋಡಿಸಿ, ಇಳಿದು ಬಂದು ನೆಟ್‌ವರ್ಕಿನ ಪಟ್ಟಿ ತೆರೆದ. ಅವನ ಕಂಪ್ಯೂಟರ್ ಇತ್ತು, ಹೆಂಡತಿಯ ಲ್ಯಾಪ್‌ಟಾಪ್ ಇತ್ತು, ಪ್ರಿಂಟರ್ ಇತ್ತು. ಅವುಗಳ ಕೆಳಗೆ 'ಅಣ್ಣನ ಮೇಜು' ಎಂದಿತ್ತು. ಸ್ಟುಡಿಯೋ ಕಾಲದಲ್ಲಿ ಆ ಕಂಪ್ಯೂಟರಿಗೆ ತಮ್ಮನೇ ಇಟ್ಟ ಹೆಸರು. ಅಣ್ಣ ಅದನ್ನು ಬದಲಾಯಿಸಿರಲಿಲ್ಲ.

"ಏನ್ ನೋಡ್ತಿದ್ದೀರಿ ಅಷ್ಟೊತ್ತಿಂದ?" ಹೆಂಡತಿ ಕೇಳಿದಳು.

"ಏನಿಲ್ಲ."

"ಏನಿಲ್ಲದ್ದನ್ನ ಇಷ್ಟು ಕಣ್ಣರಳಿಸಿ ನೋಡೋರನ್ನ ನಿಮ್ಮನ್ನೇ ಕಂಡಿದ್ದು ನಾನು."

ಅವನು 'ತಿದ್ದಬೇಕಾದ್ದು' ಎಂಬ ಫೋಲ್ಡರ್ ಮಾಡಿ ಮೂರು ಗಿರಾಕಿಗಳ ಮುಖಗಳನ್ನು ಅದರಲ್ಲಿಟ್ಟ. ನೆಟ್‌ವರ್ಕಿನಲ್ಲಿರುವ ಎಲ್ಲರಿಗೂ ತೆರೆದಿಡು ಎಂದು ಒತ್ತಿದ. ಆ ಎಲ್ಲರಲ್ಲಿ 'ಅಣ್ಣನ ಮೇಜು' ಕೂಡ ಇತ್ತು. ಪೆಟ್ಟಿಗೆ ಇನ್ನೂ ಏನೇನೋ ಕೇಳಿತು. ಕ್ಯಾಮೆರಾದ ಒಂದೊಂದು ಗುಂಡಿಯನ್ನೂ ಅಳೆದು ಸುರಿದು ಒತ್ತುವ ಮನುಷ್ಯ, ಇಲ್ಲಿ ಕೇಳಿದ್ದಕ್ಕೆಲ್ಲ 'ಸರಿ', 'ಸರಿ' ಎನ್ನುತ್ತಾ ಹೋದ.

ಆಮೇಲೆ ಕಾದ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಫೋಲ್ಡರ್ ತೆರೆಯುತ್ತಿದ್ದ, ಸ್ಟುಡಿಯೋದಿಂದ ಬಂದವನು ಚಪ್ಪಲಿ ಬಿಡದೆ ತೆರೆಯುತ್ತಿದ್ದ. ಮೂರೂ ಚಿತ್ರಗಳು ಅವನು ಇಟ್ಟ ಹಾಗೇ ಇದ್ದವು. ಹನ್ನೊಂದು ದಿನ ಹೀಗೇ ಹೋಯಿತು. ಗಿರಾಕಿಗಳು ಬೈದರು, ನಾಳೆ ಕೊಡ್ತೀನಿ ಎಂದು ಸುಳ್ಳು ಹೇಳಿದ.

ಹನ್ನೆರಡನೆಯ ದಿನ ಮಹಡಿಯ ಮೇಲೆ ಅತ್ತಿಗೆ ಸಿಕ್ಕಿದಳು. ಮಾತು ಬಿಟ್ಟದ್ದು ಗಂಡಸರು ಮಾತ್ರ. ಅವಳು ಒದ್ದೆ ಬೆಡ್‌ಶೀಟು ಕೊಡವುತ್ತಾ, "ಏನಪ್ಪಾ, ಕರೆದು ಬಾಗಿಲು ಹಾಕ್ಕೊಳ್ಳೋ ಆಟ ಯಾವಾಗ ಕಲಿತೆ?" ಎಂದಳು.

"ಯಾವ ಆಟ ಅತ್ತಿಗೆ?"

"ನಂಗೇನ್ ಗೊತ್ತು. ಯಾವ್ದೋ ಮೂರು ಮುಖ ತಿದ್ದಿ ಇಟ್ಕೊಂಡಿದಾರೆ ನಿಮ್ಮಣ್ಣ. ದಿನಾ ಊಟ ಆದ್ಮೇಲೆ ವಾಪಸ್ ಹಾಕಕ್ಕೆ ಹೋಗ್ತಾರಂತೆ, ನಿನ್ನ ಡಬ್ಬಿ ಬೇಡ ಅನ್ನುತ್ತಂತೆ. 'ನೋಡ್ಕೊಂಡು ಹೊಟ್ಟೆ ಉರ್ಕೋ ಅಂತ ಇಟ್ಟಿದಾನೆ' ಅಂತ ಸಾಯಂಕಾಲದವರೆಗೂ ಗೊಣಗಾಟ."

"ಮೊದಲೇ ಹೇಳ್ಬಾರ್ದಿತ್ತಾ?"

"ಹೇಳ್ಬೇಡ ಅಂದಿದಾರೆ. ನಾನೆಲ್ಲಿ ಹೇಳ್ದೆ? ನಾನು ಬಟ್ಟೆ ಒಣಗಾಕಕ್ಕೆ ಬಂದೆ."

ಅವನು ಎರಡೆರಡು ಮೆಟ್ಟಿಲು ಹಾರಿ ಇಳಿದ. ಪೆಟ್ಟಿಗೆಯ ಸೆಟ್ಟಿಂಗ್ಸ್ ಹುಡುಕಿದ. ಫೋಲ್ಡರಿನ ಹೆಸರಿನ ಮುಂದೆ ಪುಟ್ಟ ಅಕ್ಷರದಲ್ಲಿ ಇತ್ತು: ಎಲ್ಲರಿಗೂ, ಓದಲು ಮಾತ್ರ. ತೆರೆದು ನೋಡಬಹುದು, ಒಳಗೆ ಏನನ್ನೂ ಹಾಕುವಂತಿಲ್ಲ. ಪಕ್ಕದ ಪುಟದಲ್ಲಿ ಪೆಟ್ಟಿಗೆ ತನ್ನ ದಿನಚರಿ ಬರೆದಿಟ್ಟಿತ್ತು. 'ಅಣ್ಣನ ಮೇಜು, ಮಧ್ಯಾಹ್ನ 3.10, ಬರೆಯಲು ಅನುಮತಿ ಇಲ್ಲ.' ಅದರ ಕೆಳಗೆ ಅದೇ. ಅದರ ಕೆಳಗೂ ಅದೇ. ಬೆರಳಿಟ್ಟು ಎಣಿಸಿದ. ಮೂವತ್ತನಾಲ್ಕು ಸಲ. ಮೊದಲ ಸಾಲು, ಅವನು ಫೋಲ್ಡರ್ ಮಾಡಿದ ದಿನವೇ, ಮಾಡಿ ಅರ್ಧ ದಿನ ಕಳೆಯುವಷ್ಟರಲ್ಲೇ ಬಿದ್ದಿತ್ತು. ಇವನು ಕಾಯಲು ಶುರುಮಾಡುವ ಹೊತ್ತಿಗಾಗಲೇ ಅಣ್ಣ ಬಂದು ಕದ ತಟ್ಟಿ ಹೋಗಿದ್ದ.

ಅನುಮತಿ ಬದಲಾಯಿಸಿದ. ಎದ್ದು ಪ್ಲೈವುಡ್ಡಿನ ಹತ್ತಿರ ಹೋಗಿ ನಿಂತ. 'ಅಣ್ಣ, ಬೇಕಂತ ಮಾಡಿದ್ದಲ್ಲ' ಅಂದರೆ ಸಾಕು, ಆ ಕಡೆ ಕೇಳುತ್ತದೆ. ತಿರುಗಿ ಬಂದು ಕಂಪ್ಯೂಟರಿನ ಮುಂದೆ ಕೂತ.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಮೂರೂ ಮುಖಗಳು ಒಂದರ ಹಿಂದೊಂದು ಬಂದವು. ಮಚ್ಚೆ ಮಚ್ಚೆಯ ಜಾಗದಲ್ಲೇ ಇತ್ತು. ಬೇರೆ ಏನೂ ಇರಲಿಲ್ಲ. ಒಂದು ಸಾಲು ಬೈಗುಳವಾದರೂ ಇರಬಹುದೇ ಎಂದು ಫೋಲ್ಡರಿನ ಮೂಲೆಮೂಲೆ ನೋಡಿದ. ಕೆಲಸ ಬಂದಿತ್ತು, ಅಣ್ಣ ಬಂದಿರಲಿಲ್ಲ.

ಮಾರನೆಯ ದಿನ ಅವನು ಸ್ಟುಡಿಯೋಗೆ ಹೋಗಲಿಲ್ಲ. ಕಿಟಕಿಯ ಬೆಳಕಿಗೆ ಸ್ಟೂಲು ಹಾಕಿ ಕೂತು ತನ್ನದೇ ಮುಖವನ್ನು ತೆಗೆದುಕೊಂಡ. ಆರು ವರ್ಷದಲ್ಲಿ ಕೆನ್ನೆ ಇಳಿದಿತ್ತು, ಕಿವಿಯ ಮೇಲೆ ಬಿಳಿ ಹತ್ತಿತ್ತು. ಏನನ್ನೂ ಮುಟ್ಟದೆ, 'ನನ್ನದು' ಎಂಬ ಹೊಸ ಫೋಲ್ಡರಿನಲ್ಲಿ ಹಾಕಿದ. ಈ ಸಲ ಅನುಮತಿಯನ್ನು ಮೂರು ಬಾರಿ ನೋಡಿದ.

ಮೂರೂ ಹತ್ತಕ್ಕೆ ಪೆಟ್ಟಿಗೆಯ ಪುಟದಲ್ಲಿ ಒಂದು ಸಾಲು ಮೂಡಿತು: 'ಅಣ್ಣನ ಮೇಜು' ಈಗ ಈ ಫೋಲ್ಡರಿನಲ್ಲಿದೆ. ಪ್ಲೈವುಡ್ಡಿನ ಆಚೆ ಮೌಸಿನ ಚಕ್ರ ತಿರುಗಿದ ಕಿರಿಕಿರಿ ಸದ್ದು. ಚಿತ್ರವನ್ನು ಹಿಗ್ಗಿಸುವ ಸದ್ದು ಅದು. ಒಂದು ಕಣ್ಣೇ ಇಡೀ ಮಾನಿಟರ್ ತುಂಬುವಷ್ಟು ಹಿಗ್ಗಿಸದೆ ಅಣ್ಣ ಕೆಲಸಕ್ಕೆ ಕೈ ಹಾಕುವವನಲ್ಲ. ಆಮೇಲೆ ಕ್ಲಿಕ್ಕಿನ ಸದ್ದು ಬರಬೇಕು. ಬರಲಿಲ್ಲ.

ನಾಲ್ಕಾಯಿತು, ಐದಾಯಿತು. ಚಿತ್ರ ಬದಲಾಗಲಿಲ್ಲ. ಆ ಸಾಲೂ ಅಳಿಸಿಹೋಗಲಿಲ್ಲ.

"ಕಾಫಿ ಆರೋಗುತ್ತೆ, ಬರ್ತೀರೋ ಇಲ್ವೋ" ಎಂದು ಆ ಕಡೆ ಅತ್ತಿಗೆ ಕರೆದಳು. ಕುರ್ಚಿ ಸರಿಯಲಿಲ್ಲ. ಈ ಕಡೆ ತಮ್ಮನೂ ಕದಲಲಿಲ್ಲ. ತನ್ನ ಕುರ್ಚಿ ಎಲ್ಲಿ ಕಿರುಗುಟ್ಟಿಬಿಡುತ್ತದೋ ಎಂದು ಉಸಿರು ಬಿಗಿಹಿಡಿದು ಕೂತೇ ಇದ್ದ.