ಸದನದ ಮೇಜಿನ ಮೇಲಿಟ್ಟ ಹಾಳೆ

ದೇವಕಮ್ಮ ಮೇಲ್ಮನೆಗೆ ಆಯ್ಕೆಯಾಗಿ ನಾಲ್ಕು ವರ್ಷಗಳಾಗಿದ್ದವು. ಅದಕ್ಕೂ ಮೊದಲು ಇಪ್ಪತ್ತೆಂಟು ವರ್ಷ ಶಹಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸಿದ್ದಳು. ಸದನದಲ್ಲಿ ಅವಳು ಆಡಿದ್ದೆಲ್ಲ ಒಂದೇ ಬಗೆಯ ಮಾತು: ಹಾಸ್ಟೆಲ್ಲಿನ ಹುಡುಗಿಯರ ಬಾಗಿಲಿಲ್ಲದ ಬಚ್ಚಲು, ಅಂಗನವಾಡಿಗೆ ಬರುವ ಕೊಳೆತ ಮೊಟ್ಟೆ, ಹೆಬ್ಬೆಟ್ಟು ಸವೆದು ಯಂತ್ರ ಒಪ್ಪದೆ ಪಿಂಚಣಿ ನಿಂತುಹೋದ ಮುದುಕಿಯರು. ಅವಳು ಎದ್ದು ನಿಂತರೆ ಕೆಲವರು ಕ್ಯಾಂಟೀನಿಗೆ ಹೊರಡುತ್ತಿದ್ದರು. ಉಳಿದವರು ‘ಟೀಚರಮ್ಮ ಶುರು ಮಾಡಿದ್ರು’ ಎಂದು ನಗುತ್ತಿದ್ದರು. ಅವಳ ಮೇಲೆ ಯಾರಿಗೂ ಸಿಟ್ಟಿರಲಿಲ್ಲ.

ಡಿಸೆಂಬರಿನ ಬೆಳಗಾವಿ ಅಧಿವೇಶನಕ್ಕೆ ಎರಡು ವಾರ ಮೊದಲು ಮರಿಲಿಂಗಪ್ಪ ದೋರನಹಳ್ಳಿಯ ಅವಳ ಮನೆಗೆ ಬಂದ. ಸೈದಾಪುರದ ಆಚೆ ಬಣ್ಣದ ರಾಸಾಯನಿಕ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಅವನು ಗೇಟು ಕಾಯುವವನು. ಅವನ ಮಗಳು ಮಲ್ಲೇಶ್ವರಿ ದೇವಕಮ್ಮನಲ್ಲಿ ಓದಿದವಳು, ಅದೊಂದೇ ಪರಿಚಯ. ಕುರ್ಚಿ ತೋರಿಸಿದರೂ ಕೂರದೆ, ಅಂಗಿಯ ಒಳಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ಕೊಟ್ಟ. ಗೇಟಿನ ಪುಸ್ತಕದ ಜೆರಾಕ್ಸು.

“ಒಳಗ ಹೋದವ್ರ ಹೆಸರು, ಹೊತ್ತು ಬರಿಯೂದು ನನ್ನ ಕೆಲಸರಿ. ಹೊರಗ ಬಂದಾಗನೂ ಬರೀತೀನಿ. ಈ ಮೂರು ಮಂದೀದು ನೋಡ್ರಿ.”

ಬಾಲರಾಜ, ಶಾಂತಕುಮಾರ, ಸುಲ್ತಾನಸಾಬ. ಬೇರೆ ಬೇರೆ ತಿಂಗಳಿನ ನಮೂದುಗಳು. ಮೂವರೂ ಗುತ್ತಿಗೆ ಕೂಲಿಗಳು, ಮೂವರೂ ಹೊಲಸು ನೀರಿನ ತೊಟ್ಟಿಯೊಳಗೆ ಇಳಿದವರು. ಒಳಗೆ ಹೋದ ಹೊತ್ತು ಬರೆದಿತ್ತು. ಹೊರಗೆ ಬಂದ ಹೊತ್ತಿನ ಜಾಗ ಖಾಲಿ ಇತ್ತು.

“ಸರ್ಕಾರಿ ಕಾಗದದಾಗ ಏನಂತ ಐತಿ?”

“ಬಾಲರಾಜ ಹಾದ್ಯಾಗ ಎದಿ ಹಿಡಕೊಂಡು ಸತ್ತಾನಂತ. ಶಾಂತಕುಮಾರ ಕೆರಿಯಾಗ ಬಿದ್ದಾನಂತ. ಸುಲ್ತಾನಸಾಬ ಆವತ್ತ ಕೆಲಸಕ್ಕ ಬಂದೇ ಇಲ್ಲಂತ.” ಮರಿಲಿಂಗಪ್ಪ ಬಾಗಿಲ ಕಡೆ ನೋಡಿದ. “ಹಿಂದಿನ ಗೇಟಿನಿಂದ ಒಯ್ತಾರ್ರಿ. ಆ ಗೇಟಿಗಿ ಪುಸ್ತಕ ಇಲ್ಲ.”

ಹೊರಡುವಾಗ ಹೊಸ್ತಿಲಲ್ಲಿ ನಿಂತು ಅಂದ: “ನನ್ನ ಹೆಸರು ಎಲ್ಲೀನೂ ಬರಬಾರದ್ರಿ, ಅವ್ವಾ.”

“ಬರೂದಿಲ್ಲ. ಮಾತು ಕೊಡ್ತೀನಿ.”

ಆ ಅಧಿವೇಶನದಲ್ಲಿ ಅಪಾಯದ ಕೆಲಸ ಮಾಡುವ ಕೂಲಿಕಾರರ ಸಾಮಾಜಿಕ ಭದ್ರತೆಯ ಮಸೂದೆ ಬರುವುದಿತ್ತು. ಮಸೂದೆಯಲ್ಲಿ ಒಂದು ಸಾಲು ದೇವಕಮ್ಮನಿಗೆ ಮುಳ್ಳಿನಂತೆ ಚುಚ್ಚಿತು: ‘ಕೆಲಸದ ಸ್ಥಳದಲ್ಲಿಯೇ ಮೃತಪಟ್ಟಲ್ಲಿ ಮಾತ್ರ’ ಕುಟುಂಬಕ್ಕೆ ನೆರವು. ಆ ಸಾಲು ತೆಗೆಯಬೇಕೆಂದು ಅವಳು ತಿದ್ದುಪಡಿ ಸಿದ್ಧಮಾಡಿದಳು. ಶಾಲೆಯಲ್ಲಿ ಗುಮಾಸ್ತನಾಗಿದ್ದು ನಿವೃತ್ತಿಯ ನಂತರ ಅವಳ ಆಪ್ತ ಸಹಾಯಕನಾದ ಬುದ್ಧಪ್ರಿಯ ಭಾಷಣ ಟೈಪು ಮಾಡಿಕೊಟ್ಟ. ಹಾಳೆ ಮಾತ್ರ ಚೀಲದಲ್ಲೇ ಇರಲಿ ಎಂದ.

“ಹೆಸರು ಓದ್ರಿ ಮೇಡಂ, ಸಾಕು. ಹಾಳಿ ಸದನದ ಮೇಜಿಗಿ ಹೋದ್ರ ಇಲಾಖೆಗಿ ಹೋಗ್ತದ. ಇಲಾಖೆಗಿ ಹೋಗಿದ್ದು ಕಾರ್ಖಾನೆಗಿ ಹೋಗಾಕ ಒಂದು ದಿನ ಬೇಕಾಗಿಲ್ಲ.”

“ನನಗ ತಿಳೀತದ, ಬುದ್ಧಪ್ರಿಯ.”

ತಿಳಿದಿತ್ತು. ಆದರೂ ಅವತ್ತು ಬೆಳಗ್ಗೆ ಭಾಷಣಕ್ಕೆ ಹೊರಡುವಾಗ ಹಾಳೆಯನ್ನು ಕಡತದೊಳಗೆ ಇಟ್ಟುಕೊಂಡಳು, ಹೆಸರು, ತಾರೀಖು ತಪ್ಪಬಾರದೆಂದು.

ಮೂರು ಹೆಸರು ಓದಿದಾಗ ಸದನ ಎಂದಿನಂತೆ ನಗಲಿಲ್ಲ. “ಮಾನ್ಯ ಸಭಾಪತಿಗಳೇ, ಇವರು ಎಲ್ಲಿ ಸತ್ತರು ಎಂದು ತೀರ್ಮಾನಿಸುವವರು ಯಾರು? ಹೆಣ ಸಾಗಿಸುವ ಗಾಡಿ ಇದ್ದವರೇ?” ಎಂದು ಅವಳು ಕೇಳಿದಳು. ಸಚಿವರು ಎದ್ದರು. ಆ ಕಾರ್ಖಾನೆಯಲ್ಲಿ ಕಳೆದ ಮೂರು ವರ್ಷಗಳಲ್ಲಿ ಒಂದೂ ಸಾವು ಸಂಭವಿಸಿಲ್ಲವೆಂದು ಓದಿದರು. ಆಮೇಲೆ ಕನ್ನಡಕ ತೆಗೆದು, ಮಗುವಿಗೆ ಹೇಳುವಂತೆ ಹೇಳಿದರು: “ಟೀಚರಮ್ಮನವರು ಯಾರೋ ಹೇಳಿದ ಕಥೆಯನ್ನು ಇಲ್ಲಿ ಒಪ್ಪಿಸುತ್ತಿದ್ದಾರೆ. ದಾಖಲೆ ಇದ್ದರೆ ಮಂಡಿಸಲಿ. ಇಲ್ಲದಿದ್ದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿ.”

ಆಗ ಎಲ್ಲರೂ ನಕ್ಕರು. ಸಭಾಪತಿಗಳೂ ಅದನ್ನೇ ಹೇಳಿದರು: ಮಂಡಿಸಿ, ಇಲ್ಲವೇ ಹಿಂಪಡೆಯಿರಿ.

ನಾಲ್ಕು ವರ್ಷಗಳ ನಗೆಯೆಲ್ಲ ಒಮ್ಮೆಗೇ ಅವಳ ಕಿವಿಯಲ್ಲಿ ತುಂಬಿತು. ಕಡತ ಬಿಚ್ಚಿ, ಹಾಳೆಯನ್ನು ಎತ್ತಿ ತೋರಿಸಿ, ಹತ್ತಿರ ಬಂದ ಸಿಬ್ಬಂದಿಯ ಕೈಗೆ ಕೊಟ್ಟಳು. ಅದು ಕೈಬಿಟ್ಟು ಹೋಗುವಾಗ ಅಕ್ಷರಗಳು ಕಣ್ಣಿಗೆ ಬಿದ್ದವು. ಗುಂಡಗೆ, ಒತ್ತಿ ಬರೆದ ಅಕ್ಷರ. ಮೂರೂ ನಮೂದು ಒಂದೇ ಕೈಯವು. ಹೆಸರು ಬರೆಯದಿದ್ದರೂ ಅದು ಮರಿಲಿಂಗಪ್ಪನ ಸಹಿಯೇ ಆಗಿತ್ತು. “ಒಂದು ನಿಮಿಷ” ಅಂದಳು. ಹಾಳೆ ಆಗಲೇ ಮೇಜು ಮುಟ್ಟಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಪರಿಚಯವಿಲ್ಲದ ಸಂಖ್ಯೆಯಿಂದ ಫೋನು ಬಂತು. ದನಿ ತುಂಬ ಮೆತ್ತಗಿತ್ತು. “ಭಾಳ ಚಂದ ಮಾತಾಡಿದ್ರಿ ಅಮ್ಮಾ. ಅಕ್ಷರನೂ ಭಾಳ ಚಂದ ಅದಾವ.” ಅಷ್ಟೇ. ಅವಳು ಮರಿಲಿಂಗಪ್ಪನಿಗೆ ಫೋನು ಹಚ್ಚಿದಳು. ಸ್ವಿಚ್ ಆಫ್. ಸಂಜೆಯೂ ಹಾಗೆಯೇ.

ಮರುದಿನ ನಸುಕಿನಲ್ಲೇ ಅವಳೂ ಬುದ್ಧಪ್ರಿಯನೂ ಬೆಳಗಾವಿಯಿಂದ ಸೈದಾಪುರಕ್ಕೆ ಕಾರು ಹತ್ತಿದರು. ಸುರಪುರ ದಾಟುವಾಗ ಹೊತ್ತೇರಿತ್ತು. ಶಹಾಪುರದಲ್ಲಿ ಚಹಾ ಕುಡಿಯಲು ಸಹ ಇಳಿಯಲಿಲ್ಲ. ಯಾದಗಿರಿಯ ಸೇತುವೆ ಮೇಲೆ ಬುದ್ಧಪ್ರಿಯ ಒಮ್ಮೆ ಹಿಂತಿರುಗಿ ನೋಡಿದ. ಬಿಳಿ ಜೀಪೊಂದು ಶಹಾಪುರದಿಂದಲೂ ಹಿಂದೆಯೇ ಇತ್ತು.  ಅವಳೂ ಕನ್ನಡಿಯಲ್ಲಿ ನೋಡಿದ್ದಳು.

ಸೈದಾಪುರದ ಮನೆಯಲ್ಲಿ ಮರಿಲಿಂಗಪ್ಪನ ಹೆಂಡತಿ ಮೌನಮ್ಮ ಖುಷಿಯಿಂದಲೇ ಬಾಗಿಲು ತೆಗೆದಳು. ಅದು ದೇವಕಮ್ಮನನ್ನು ಇನ್ನಷ್ಟು ಹೆದರಿಸಿತು.

“ಬರ್ರಿ ಮೇಡಂ! ಮುಂಜಾನೆ ಎಂಟಕ್ಕ ಸಾಹೇಬ್ರು ಜೀಪ್ ಕಳಿಸಿದ್ರು. ಹೊಸಾ ಡ್ರೆಸ್ ಕೊಟ್ಟು ಕರಕೊಂಡು ಹೋಗ್ಯಾರ. ಇನ್ಮ್ಯಾಲ ಗೇಟಿನಾಗ ಬ್ಯಾಡ, ಒಳಗ ಸೂಪರವೈಜರ್ ಮಾಡ್ತೀವಿ ಅಂದ್ರು.”

“ಒಳಗ ಎಲ್ಲಿ?”

“ಅದೇನೋ ನೀರಿನ ಕಡೀಗಂತ.”

ಕಾರ್ಖಾನೆಯ ಗೇಟಿನಲ್ಲಿ ಬೇರೆ ಕಾವಲುಗಾರನಿದ್ದ. ಅವನ ಮುಂದೆ ಹೊಚ್ಚ ಹೊಸ ಪುಸ್ತಕ. ಮೊದಲ ಪುಟ ಅವತ್ತಿನಿಂದಲೇ ಶುರುವಾಗಿತ್ತು. ಹಳೆಯದಕ್ಕೆ ಗೆದ್ದಲು ಹತ್ತಿತ್ತು, ಸುಟ್ಟರು ಎಂದ.

“ಮರಿಲಿಂಗಪ್ಪ ಅದಾನೇನು ಒಳಗ?”

“ಇಲ್ರಿ.” ಅವನು ಪುಸ್ತಕ ತಿರುಗಿಸಿ ತೋರಿಸಿದ. “ನೀವ ನೋಡ್ರಿ. ಹೆಸರಿಲ್ಲ. ಇವತ್ತ ಬಂದೇ ಇಲ್ಲ.”

ದೇವಕಮ್ಮ ಗೇಟಿನ ಒಳಗೆ ಇಣುಕಿದಳು. ತೊಟ್ಟಿಯ ವಾಸನೆ ಗೇಟಿನವರೆಗೂ ಬರುತ್ತಿತ್ತು. ಕೊಳೆತ ಮೊಟ್ಟೆಯ ವಾಸನೆ. ಅಂಗನವಾಡಿಗಳಲ್ಲಿ ಅವಳು ಎಷ್ಟೋ ಸಲ ಮೂಗು ಮುಚ್ಚಿಕೊಂಡದ್ದುಂಟು, ಆದರೆ ಇಲ್ಲಿ ಅದು ಗಂಟಲನ್ನೇ ಹಿಡಿಯುತ್ತಿತ್ತು. ಅವಳು ಕಾವಲುಗಾರನ ಕೈಯಿಂದ ಪೆನ್ನು ತೆಗೆದುಕೊಂಡಳು. ಪುಸ್ತಕದಲ್ಲಿ ‘ಮರಿಲಿಂಗಪ್ಪ, ಮುಂಜಾನೆ ಎಂಟು ಗಂಟೆ, ಒಳಗೆ’ ಎಂದು ಬರೆದು, ಕೆಳಗೆ ತನ್ನ ಹೆಸರು, ಹುದ್ದೆ ಹಾಕಿ ಸಹಿ ಮಾಡಿದಳು. ಬುದ್ಧಪ್ರಿಯ ಮೊಬೈಲಿನಲ್ಲಿ ಅದರ ಚಿತ್ರ ತೆಗೆದ.

“ಅಂವ ಹೊರಗ ಬರೂ ತನಕ ನಾ ಇಲ್ಲೇ ಕೂಡ್ತೀನಿ. ನಿಮ್ಮ ಸಾಹೇಬ್ರಿಗಿ ಹೇಳು. ಹಿಂದಿನ ಗೇಟಿನಾಗ ನನ್ನ ಕಾರು ನಿಲ್ತದ ಅಂತನೂ ಹೇಳು.”

ಗೇಟಿನ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಕೂತಳು. ಬುದ್ಧಪ್ರಿಯ ಕಾರನ್ನು ಹಿಂದಿನ ಗೇಟಿಗೆ ಒಯ್ದು ನಿಲ್ಲಿಸಿದ. ಪಾಳಿ ಬದಲಾಗುವಾಗ ಕೂಲಿಗಳು ಅವಳನ್ನು ನೋಡಿ, ತಲೆ ತಗ್ಗಿಸಿ ದಾಟಿದರು. ಒಬ್ಬನೂ ನಿಲ್ಲಲಿಲ್ಲ. ಬಿಳಿ ಜೀಪು ರಸ್ತೆಯ ಆಚೆ ನಿಂತಿತ್ತು. ಅದರ ಎಂಜಿನ್ ಆರಿಸಿರಲಿಲ್ಲ.

ಐದು ಗಂಟೆಗೆ ಗೇಟು ತೆರೆಯಿತು. ಇಸ್ತ್ರಿ ಮಾಡಿದ ಹೊಸ ಬಟ್ಟೆಯಲ್ಲಿ ಮರಿಲಿಂಗಪ್ಪ ಬಂದ. ಮೈಮೇಲೆ ಒಂದು ಗಾಯವೂ ಇರಲಿಲ್ಲ. ಅವಳನ್ನು ದಾಟಿ ನಡೆದುಹೋಗುತ್ತಿದ್ದವನನ್ನು ಅವಳೇ ತಡೆದಳು.

“ಏನ್ ಮಾಡಿದ್ರು?”

“ಏನೂ ಇಲ್ರಿ. ತೊಟ್ಟಿ ಬಾಯಿ ಹತ್ರ ಕುರ್ಚಿ ಹಾಕಿ ಕೂಡ್ಸಿದ್ರು. ಚಾ ಕೊಟ್ರು. ಇಡೀ ದಿನ ಯಾರೂ ಒಂದು ಮಾತು ಬೈಲಿಲ್ಲ.” ಅವನ ತುಟಿ ಒಣಗಿತ್ತು. “ಸಹಿ ಮಾಡೀನ್ರಿ. ನೀವು ಹೇಳಿದ್ದಕ್ಕ ನಾ ಸುಳ್ಳ ಪುಸ್ತಕ ಬರದೆ ಅಂತ.”

“ಆಗ್ಲಿ. ಛಲೋ ಮಾಡಿದಿ.”

“ನೀವು ಮಾತು ಕೊಟ್ಟಿದ್ರಿ,” ಎಂದ ಅವನು. ಸಿಟ್ಟಿನಿಂದಲ್ಲ, ನೆನಪಿಸುವಂತೆ. 

ಅವತ್ತೇ ಗಂಡ ಹೆಂಡತಿಯನ್ನು ಸುರಪುರದಲ್ಲಿದ್ದ ಮಗಳು ಮಲ್ಲೇಶ್ವರಿಯ ಮನೆಗೆ ಬಿಟ್ಟುಬಂದಳು. ಮುಂದಿನ ವಾರ ಸದನದಲ್ಲಿ ಅವಳ ಮೇಲೆ ಹಕ್ಕುಚ್ಯುತಿಯ ಸೂಚನೆ ಬಂತು: ಸದಸ್ಯೆ ಖೊಟ್ಟಿ ದಾಖಲೆ ಮಂಡಿಸಿ ಸದನದ ದಾರಿ ತಪ್ಪಿಸಿದ್ದಾರೆ. ಮರಿಲಿಂಗಪ್ಪನ ಹೇಳಿಕೆಯನ್ನು ಸಚಿವರು ಓದಿದರು.

“ಹೆದರಿಸಿ ಬರಿಸ್ಯಾರ ಅಂತ ಎದ್ದು ಹೇಳ್ರಿ,” ಎಂದು ಬುದ್ಧಪ್ರಿಯ ಕಾರಿಡಾರಿನಲ್ಲಿ ಅಂಗಲಾಚಿದ್ದ. “ಗೇಟಿನ ಫೋಟೋ ನಮ್ಮ ಕಡೆ ಅದ.”

“ಹೇಳಿದ್ರ ನಾಳಿ ಮರಿಲಿಂಗಪ್ಪನ್ನ ವಿಚಾರಣಾ ಸಮಿತಿ ಮುಂದ ಕರೀತಾರ. ಸುರಪುರದಿಂದ ಬೆಳಗಾವಿಗಿ ಅಂವ ಒಬ್ಬನೇ ಬರಬೇಕು. ಬರ್ತಾನೇನು?”

ಬುದ್ಧಪ್ರಿಯ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ಅವಳು ಎದ್ದು ನಿಂತು, ಪರಿಶೀಲಿಸದ ಕಾಗದವನ್ನು ಮಂಡಿಸಿದ್ದಕ್ಕೆ ವಿಷಾದ ವ್ಯಕ್ತಪಡಿಸಿದಳು. ಮೂರು ಹೆಸರುಗಳನ್ನೂ ಕಡತದಿಂದ ತೆಗೆಯಲು ಸಭಾಪತಿಗಳು ಆದೇಶಿಸಿದರು. ಅವಳ ತಿದ್ದುಪಡಿ ಧ್ವನಿಮತದಲ್ಲಿ ಬಿದ್ದುಹೋಯಿತು. ಮಸೂದೆ ಆ ಸಾಲಿನೊಂದಿಗೇ ಪಾಸಾಯಿತು. ಮೊಗಸಾಲೆಯಲ್ಲಿ ಸಚಿವರು ಅವಳ ಆರೋಗ್ಯ ವಿಚಾರಿಸಿದರು.

ಜನವರಿಯಲ್ಲಿ ಬಾಲರಾಜನ ತಾಯಿ ಸುಗಲಮ್ಮ ದೇವಕಮ್ಮನ ಶಹಾಪುರದ ಕಚೇರಿಗೆ ಬಂದಳು. ಭೀಮೆಯ ದಂಡೆಯ ಊರಿನವಳು, ಯಾದಗಿರಿಯಲ್ಲಿ ಮೀನು ಮಾರುವವಳು. ಕುರ್ಚಿಯಲ್ಲಿ ಕಾಲು ಮಡಚಿ ಕೂತಳು.

“ನನ್ನ ಮಗನ ಹೆಸರು ಸರ್ಕಾರದಾಗ ಓದೀರಂತ. ಬುಕ್ಕಿನಾಗ ಛಾಪ್ಸ್ಯಾರಂತ. ಓದಿ ತೋರಿಸ್ರಿ.”

ಕಲಾಪದ ಮುದ್ರಿತ ಪುಸ್ತಕ ಮೇಜಿನ ಮೇಲೆಯೇ ಇತ್ತು. ಅವಳ ಭಾಷಣದ ನಡುವೆ, ಹೆಸರು ಇರಬೇಕಾದಲ್ಲಿ, ‘ಕಡತದಿಂದ ತೆಗೆಯಲಾಗಿದೆ’ ಎಂದಿತ್ತು. ಮುದುಕಿಗೆ ಓದು ಬರುತ್ತಿರಲಿಲ್ಲ. ಬಾಲರಾಜ ಎಂದು ಓದಿಬಿಟ್ಟರೆ ಸಾಕಿತ್ತು.

“ತೆಗದಾರ, ಅವ್ವಾ.”

“ಯಾರು?”

“ಅವ್ರು ತೆಗೀತೀವಂದ್ರು. ನಾ ಬ್ಯಾಡ ಅನಲಿಲ್ಲ.” ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಹಾಳೆ ಕೊಟ್ಟದ್ದು, ಕೊಟ್ಟ ಮಾತು ಮುರಿದದ್ದು, ತೊಟ್ಟಿಯ ಬಾಯಿಯ ಕುರ್ಚಿ. ಸುರಪುರದಲ್ಲಿ ಮಲ್ಲೇಶ್ವರಿಯ ಮನೆಯೆದುರು ದಿನಾ ಒಂದು ಬೈಕು ನಿಲ್ಲುತ್ತದೆ, ಹೊತ್ತು ಮುಳುಗುವ ತನಕ ನಿಂತು ಹೋಗುತ್ತದೆ, ಅದನ್ನೂ ಹೇಳಿದಳು. ಸುಗಲಮ್ಮ ಚಹಾ ಮುಟ್ಟದೆ ಕೇಳಿದಳು. ಎದ್ದು ಹೋಗುತ್ತಾಳೆಂದೇ ದೇವಕಮ್ಮ ಅಂದುಕೊಂಡಳು.

“ನಾ ಕೋರ್ಟಿನಾಗ ಹೇಳಿದ್ರ ತೆಗೀತಾರೇನು?”

“ತೆಗಿಯೂದು ಕಷ್ಟ. ಆದ್ರ ನಿನ್ನ ಮನಿಗೂ ಬರ್ತಾರ. ಮೊದಲು ಮೆತ್ತಗ ಮಾತಾಡ್ತಾರ. ನಿನಗ ಏನಾದ್ರೂ ಆದ್ರ ನಾ ತಡೀತೀನಿ ಅಂತ ಹೇಳಾಂಗಿಲ್ಲ. ಈ ಸಲ ಮಾತು ಕೊಡೂದಿಲ್ಲ.”

ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನನಗ ಮಾತು ಬ್ಯಾಡ. ಬರಕೊಳ್ರಿ. ಬಾಲರಾಜ, ತಾಯಿ ಹೆಸರು ಸುಗಲಮ್ಮ.”

ಬುದ್ಧಪ್ರಿಯ ಕಿಟಕಿಯ ಬಳಿ ನಿಂತಿದ್ದ. ಮುದುಕಿ ಬಂದ ಬಸ್ಸಿನಿಂದಲೇ ಇಳಿದ ಒಬ್ಬ ಗಂಡಸು ಎದುರಿನ ಚಹಾದಂಗಡಿಯಲ್ಲಿ ಕೂತಿದ್ದ. ಅವನ ಮುಂದೆ ಇಟ್ಟ ಚಹಾ ಕೆನೆಗಟ್ಟಿತ್ತು. ಅವನು ಫೋನು ಕಿವಿಗಿಟ್ಟುಕೊಂಡು ಕಚೇರಿಯ ಬಾಗಿಲನ್ನೇ ನೋಡುತ್ತಿದ್ದ.

“ಮೇಡಂ,” ಎಂದ ಬುದ್ಧಪ್ರಿಯ.

“ನೋಡೀನಿ,” ಎಂದಳು ದೇವಕಮ್ಮ, ತಲೆ ಎತ್ತದೆ. “ಅವ್ವಾ, ಆವತ್ತ ಮನಿಯಿಂದ ಎಷ್ಟು ಗಂಟೇಕ ಹೊಂಟಿದ್ದ ಬಾಲರಾಜ? ಏನು ಉಂಡು ಹೊಂಟಿದ್ದ? ಮೊದಲಿಂದ ಹೇಳು.”

ಸುಗಲಮ್ಮ ಹೇಳತೊಡಗಿದಳು.